ದ್ಯಾಮಕ್ಕನ ಎರಡು ಬುಟ್ಟಿ

ನನ್ನ ಅಕ್ಷರ ಸೊಟ್ಟ, ಮಾತೂ ಸಾಲದು; ಓದುವವರು ಸೈರಿಸಿಕೊಳ್ಳಬೇಕು. ಆದರೆ ಉಜ್ಜಿನಿಯ ನಮ್ಮ ಸೋದರತ್ತೆ ದ್ಯಾಮಕ್ಕನ ಬಗ್ಗೆ ಬರೆಯದಿದ್ದರೆ ನನಗೆ ಸಮಾಧಾನವಿಲ್ಲ. ಕೊಟ್ಟೂರು ಸಂತೆಯಲ್ಲಿ ಅವಳ ಮುಂದೆ ಎರಡೇ ಬುಟ್ಟಿ: ಒಂದರಲ್ಲಿ ಹಸಿರು ಸೋಯಾ ಕಾಯಿ, ಇನ್ನೊಂದರಲ್ಲಿ ಬಲಿತು ಒಣಗಿದ ಸೋಯಾ ಕಾಳು. ಕೂಗುವುದೆಲ್ಲ ಅವಳೇ, ಬಾಯಿಲ್ಲದ ನಾನು ಪಕ್ಕದಲ್ಲಿ ಕೂತು ಚೀಲ ಕಟ್ಟುತ್ತೇನೆ. ಹೊಲದಲ್ಲಿ ಹಸಿ ಕಡಲೆ ಕಿತ್ತು ತಿಂದು ರೂಢಿಯಾದ ನಮ್ಮ ಜನ ಸೋಯಾ ಕಾಯನ್ನೂ ಹಾಗೇ ಸುಲಿದು ಬಾಯಿಗೆ ಹಾಕಹೋದರೆ, ಅವಳು ಕೈಯನ್ನೇ ಹಿಡಿದುಬಿಡುತ್ತಾಳೆ. "ಕಡ್ಲಿ ಅಲ್ಲೋ ಯಪ್ಪಾ, ಕುದಿಸಿ ತಿನ್ನು, ಹೊಟ್ಟಿ ಕೆಡತೈತಿ." ಎರಡರಲ್ಲಿ ಯಾವುದು ಮೇಲು ಎಂದು ಕೇಳಿದವರು ಬಿಸಿಲೇರುವ ತನಕ ನಿಲ್ಲಬೇಕು. ಹಸಿಯದು ಎಲೆ ಅಡಿಕೆ ಮಡಿಚುವಷ್ಟರಲ್ಲಿ ಉಪ್ಪುನೀರಿನಲ್ಲಿ ಬೇಯುತ್ತದೆ, ಬಾಯಿಗೆ ಸಿಹಿ, ಬಸುರಿಯರಿಗೆ ಒಳ್ಳೆಯದು. ಒಣಗಿದ್ದು ರಾತ್ರಿಯಿಡೀ ನೆನೆದು ಕುಕ್ಕರಿನಲ್ಲಿ ಬಹಳ ಹೊತ್ತು ಬೇಯಬೇಕು, ಆದರೆ ಹಿಡಿ ಕಾಳಿನಲ್ಲಿ ಅದರದೇ ಪ್ರೋಟೀನು ಹೆಚ್ಚು. ಹೇಳುವಾಗ ಎರಡನ್ನೂ ತಾನೇ ಹೆತ್ತವಳಂತೆ ಬೀಗುತ್ತಾಳೆ. ಮೊನ್ನೆ ಪಕ್ಕದಲ್ಲಿ ಮೆಣಸಿನಕಾಯಿ ಮಾರುವ ಗಾದೆಪ್ಪ ನನ್ನತ್ತ ನೋಡಿ, "ಸಾಲಿ ಬಿಟ್ಟಾಳ, ಬಾಯೂ ಇಲ್ಲ. ಇದು ಯಾವ ಬುಟ್ಟಿದಬೇ ದ್ಯಾಮಕ್ಕ?" ಎಂದು ನಕ್ಕ. ನಾನು ತಲೆ ತಗ್ಗಿಸಿದೆ. ದ್ಯಾಮಕ್ಕ ಕೈಯಲ್ಲಿದ್ದ ತಕ್ಕಡಿ ಕೆಳಗಿಟ್ಟಳು. ಎಂದಿನ ಭಾಷಣ ಮಾಡಲಿಲ್ಲ. "ಬಲಿತ ಕಾಳು ಗಾದೆಪ್ಪಣ್ಣ, ಈಗ ನೆನಿಯಾಕತ್ತೈತಿ. ನೀ ಅವಸರ ಮಾಡಬ್ಯಾಡ" ಎಂದು ಮೆಲ್ಲಗೆ ಹೇಳಿ ಮತ್ತೆ ತೂಗತೊಡಗಿದಳು. ಬರುವ ಸಂತೆಯಲ್ಲಿ ಒಣ ಕಾಳಿನ ಬುಟ್ಟಿಯ ಹಿಂದೆ ನಾನು ಕೂರುತ್ತೇನೆ, ನಾನೇ ಕೂಗಿ ಮಾರುತ್ತೇನೆ.