ಬೋರ್ ನೀರು ಮತ್ತು ಮುಕುಂದಯ್ಯನವರ ಕೈ

ಹೊಸನಗರದಲ್ಲಿ ಇಪ್ಪತ್ತೆರಡು ವರ್ಷದಿಂದ ಫೋಟೋ ಸ್ಟುಡಿಯೋ ನಡೆಸುತ್ತಿದ್ದ ಮುಕುಂದಯ್ಯನವರಿಗೆ ೧೯೮೬ರ ಬೇಸಿಗೆಯಲ್ಲಿ ತಮ್ಮ ಕೈಮೇಲೆಯೇ ನಂಬಿಕೆ ಹೋಯಿತು. ತೊಳೆದು ಒಣಗಿಸಿದ ನೆಗೆಟಿವ್‌ಗಳ ಮೇಲೆಲ್ಲ ಸಣ್ಣ ಕಲೆ. ಪ್ರಿಂಟು ಹಾಕಿದರೆ ಮುಖದ ಮೇಲೆ ಬಿಳಿ ಚುಕ್ಕೆ. ಫಿಲಂ ಬದಲಾಯಿಸಿದರು. ಫಿಲಂ ತೊಳೆಯುವ ಔಷಧಿ ಹೊಸದಾಗಿ ಕಲಸಿದರು. ಚುಕ್ಕೆ ಹೋಗಲಿಲ್ಲ. ವಯಸ್ಸು ಐವತ್ತೆಂಟು ದಾಟಿತ್ತು. ಔಷಧಿಯ ಅಳತೆ ತಪ್ಪುತ್ತಿದೆಯೇನೋ ಎಂದು ಒಳಗೊಳಗೇ ಹೆದರಿದರು, ಯಾರಿಗೂ ಹೇಳಲಿಲ್ಲ.

ಆನಂದಪುರದ ಮಂಜುನಾಥಪ್ಪನವರ ಮಗಳ ಮದುವೆಯ ಮೂರು ರೋಲು ತೊಳೆದ ದಿನ ಅವರ ಧೈರ್ಯ ಪೂರಾ ಕುಸಿಯಿತು. ಧಾರೆಯ ಚಿತ್ರದಲ್ಲಿ ಮದುಮಗಳ ಕೆನ್ನೆಯ ಮೇಲೆಯೇ ಚುಕ್ಕೆ.

"ನಂಗೆ ಕೆಲಸ ಮರ್ತ್ಹೋಗಿದೆ ಕಣೆ. ಬಾಗ್ಲು ಹಾಕೋದೇ ಸೈ" ಎಂದರು ಹೆಂಡತಿ ವರದಮ್ಮನ ಹತ್ತಿರ.

"ಯಾವಾಗಿಂದ ಹಿಂಗೆ?"

"ಮನೆ, ಸ್ಟುಡಿಯೋ ಎರಡೂ ಬಸ್‌ಸ್ಟ್ಯಾಂಡ್ ಹತ್ರ ಬಂದ್ಮೇಲೆ."

"ಇಲ್ಲಿ ಬೋರ್ ನೀರಲ್ದಾ? ಚಾ ಪಾತ್ರೆ ತಳ ನೋಡಿ, ಸುಣ್ಣ ಬಳಿದಂಗಾಗಿದೆ. ಹಳೇ ಮನೆ ಬಾವಿ ನೀರಲ್ಲಿ ಹಿಂಗಾಗ್ತಿರ್ಲಿಲ್ಲ."

ಮರುದಿನ ಮುಕುಂದಯ್ಯ ಬೋರಿನದೊಂದು, ಹಳೇ ಬಾವಿಯದೊಂದು ಬಾಟಲಿ ಚೀಲದಲ್ಲಿಟ್ಟುಕೊಂಡು ಸಾಗರದ ಬಸ್ಸು ಹತ್ತಿದರು. ಅಲ್ಲಿ ಕಾಲೇಜಿಗೆ ಪ್ರಯೋಗಾಲಯದ ಸಾಮಾನು ಕೊಡುವ ಶೇಷಪ್ಪನವರ ಅಂಗಡಿಯಿತ್ತು.

ನೀರಿನ ಹುಳಿ-ಕ್ಷಾರ ಅಳೆಯುವ, ಗಾಜಿನ ಕಡ್ಡಿಯ ದೊಡ್ಡದೊಂದು ಪಿ.ಎಚ್. ಮೀಟರಿನ ಬೆಲೆ ಕೇಳಿ ಮುಕುಂದಯ್ಯ ಎದ್ದೇಬಿಟ್ಟರು. ಒಳ್ಳೇ ಕ್ಯಾಮೆರಾ ಬರುತ್ತಿತ್ತು ಅಷ್ಟಕ್ಕೆ.

"ಕೂತ್ಕಳಿ ಮಾರಾಯ್ರೆ. ಅದು ನಿಮ್ಗೆ ಬೇಡ. ಕಡ್ಡಿ ಒಣಗಿದ್ರೆ ಕೆಡ್ತದೆ" ಎಂದು ಶೇಷಪ್ಪ ಬಣ್ಣದ ಕಾಗದದ ಚೂರು ಎರಡೂ ನೀರಿಗೆ ಅದ್ದಿದರು. ಎರಡೂ ಹೆಚ್ಚುಕಡಿಮೆ ಒಂದೇ ಹಸಿರು. "ನೋಡಿ, ಹುಳಿ-ಕ್ಷಾರದ ತಕರಾರಿಲ್ಲ. ಅದಕ್ಕೆ ಕಾಗದ ಸಾಕು. ನೀರಲ್ಲಿ ಕರಗಿರೋದನ್ನ ಅಳೀಬೇಕು."

ಮುಳ್ಳಿನ ಎರಡು ಸಣ್ಣ ಮೀಟರು ಹೊರಬಂದವು. ಮುಕುಂದಯ್ಯ ಒಂದೊಂದನ್ನೂ ಒಂದೇ ಬಾಟಲಿಗೆ ಮೂರು ಮೂರು ಸಲ ಅದ್ದಿದರು. ಅಗ್ಗದ್ದು ಸಲಕ್ಕೊಂದು ಅಂಕಿ ತೋರಿಸಿತು. ಇನ್ನೊಂದು ಮೂರು ಸಲವೂ ಒಂದೇ ಕಡೆ ನಿಂತಿತು. ಅದನ್ನೇ ಆರಿಸಿದರು. ಬಾವಿ ನೀರಿಗೆ ಮುಳ್ಳು ಎಂಬತ್ತಕ್ಕೆ ನಿಂತರೆ ಬೋರ್ ನೀರಿಗೆ ಆರುನೂರು ದಾಟಿತು.

"ಇದ್ರಲ್ಲಿ ಕರಗಿರೋ ಸುಣ್ಣವೇ ಒಣಗಿ ನಿಮ್ಮ ಫಿಲಂ ಮೇಲೆ ಕೂರ್ತಾ ಇರೋದು."

"ಹಂಗಾರೆ ನನ್ನ ಕೈ ಕೆಟ್ಟಿಲ್ವಾ?"

"ಕೈ ಎಂತ ಮಾಡ್ತು? ನೀರು ಗಡಸು."

ಮುಕುಂದಯ್ಯ ಮೂಗು ಒರೆಸಿಕೊಂಡು ಬಾಟಲಿಯ ಮುಚ್ಚಳ ತಿರುಪುತ್ತ ಕುಳಿತರು. ಹೊರಡುವಾಗ ಶೇಷಪ್ಪ ಒಂದು ಉಪಾಯವನ್ನೂ ಹೇಳಿಕೊಟ್ಟರು.

ಮನೆಗೆ ಬಂದವರೇ ಶೇಷಪ್ಪ ಹೇಳಿದಂತೆ ಬಾವಿ ನೀರಿಗೆ ಸುಣ್ಣ ಕರಗಿಸುವ ಅಸಿಟಿಕ್ ಆಸಿಡ್ ಒಂದಿಷ್ಟು ಬೆರೆಸಿ ಮದುವೆಯ ನೆಗೆಟಿವ್ ಅದರಲ್ಲಿ ಅದ್ದಿದರು. ಆಮೇಲೆ ಬರೀ ಬಾವಿ ನೀರಲ್ಲಿ ತೊಳೆದು ತೂಗುಹಾಕಿದರು. ಒಣಗುವ ತನಕ ಒಳಗೂ ಹೊರಗೂ ಓಡಾಡಿದರು. ಬೆಳಕಿಗೆ ಹಿಡಿದರೆ ಕೆನ್ನೆ ಮೇಲೆ ಕಲೆಯೇ ಇಲ್ಲ.

"ವರದಾ, ಬಾರೆ ಇಲ್ಲಿ!"

ಆಕೆ ಸೆರಗಿಗೆ ಕೈ ಒರೆಸಿಕೊಳ್ಳುತ್ತ ಬಂದು ನೋಡಿದರು. "ಹುಡುಗಿ ನಗ್ತಾ ಇದಾಳೆ, ನಾನು ನೋಡೇ ಇರ್ಲಿಲ್ಲ" ಎಂದರು.

ಆವತ್ತು ಮುಕುಂದಯ್ಯ ಎರಡು ಸಲ ಅನ್ನ ಹಾಕಿಸಿಕೊಂಡು ಉಂಡರು. ಆಮೇಲೂ ಒಂಬತ್ತು ವರ್ಷ ಸ್ಟುಡಿಯೋ ನಡೆಸಿದರು.