ಎಲೆ ಕಿತ್ತು ಮಲಗಿಸಿದ ಗುಲಾಬಿ

ನಮ್ಮ ಮಾವ ಬಸ್ ಕಂಡಕ್ಟರ್ ಆಗಿದ್ದವರು. ನಿವೃತ್ತರಾದ ಮೇಲೆ ಹಿತ್ತಿಲಿನ ಗಿಡಗಳೇ ಅವರ ಪ್ರಯಾಣಿಕರು. ಒತ್ತೊತ್ತಾಗಿ ಹುಟ್ಟಿದ ಸಸಿಗಳನ್ನು ಕೀಳುವಾಗ, "ಹಿಂದೆ ಇನ್ನೊಂದು ಬಸ್ ಬರ್ತಿದೆ, ಅದಕ್ಕೆ ಬನ್ನಿ" ಎನ್ನುತ್ತಿದ್ದರು. ಬೀದಿಯ ಮಕ್ಕಳಿಗೆಲ್ಲ ಅವರು ರೈಟ್-ರೈಟ್ ತಾತ. ಅವರು ತೀರಿಕೊಂಡ ಮೇಲೂ, ಎಲ್ಲಾದರೂ ಕತ್ತರಿಯ ಕಚಕಚ ಕೇಳಿದರೆ ಕಿಟಕಿಯಾಚೆ ಅವರೇ ಇದ್ದಾರೆನಿಸುತ್ತದೆ.

ನಮ್ಮಲ್ಲಿ ಚಳಿಗಾಲವೆಂದರೆ ಬೆಳಗ್ಗೆ ಮೈಮೇಲೆ ಸ್ವೆಟರ್, ಬಿಸಿಲೇರಿದರೆ ಅದು ಕುರ್ಚಿಯ ಮೇಲೆ. ಅಷ್ಟು ಚಳಿ ಗುಲಾಬಿಗೆ ಸಾಲದು. ಎಲೆ ಉದುರಿಸುವುದನ್ನೇ ಮರೆತು, ನಿದ್ದೆಗೆಟ್ಟ ಮಗುವಿನ ಹಾಗೆ ಸೊರಗುತ್ತದೆ. ಹಾಗಾಗಿ ಮಾವ ಪ್ರತಿ ವರ್ಷ ಗಿಡಗಳನ್ನು ಕತ್ತರಿಯಿಂದ ಸವರಿ, ಉಳಿದ ಎಲೆಗಳನ್ನು ಕೈಯಿಂದಲೇ ಕಿತ್ತು ಮಲಗಿಸುತ್ತಿದ್ದರು. ನನ್ನದೊಂದನ್ನು ಮಾತ್ರ ನಾನು ಮುಟ್ಟಗೊಟ್ಟಿರಲಿಲ್ಲ. ಅದು ತೀರಿಹೋದ ನನ್ನ ಅಮ್ಮನ ಅಂಗಳದಿಂದ ತಂದದ್ದು. ಆ ಮನೆ ಮಾರಿಯಾಗಿತ್ತು. ಅಮ್ಮನದೆಂದು ಜೀವಂತ ಉಳಿದದ್ದು ಅದೊಂದೇ.

ಆ ವರ್ಷ ಅದರಲ್ಲಿ ಒಂದು ಮೊಗ್ಗೂ ಇರಲಿಲ್ಲ.

"ಸವರೋಣವೇನಮ್ಮ?" ಎಂದರು ಮಾವ.

"ಒಣಗಿ ಹೋದ್ರೆ?"

"ಹೋದ್ರೂ ಹೋಗಬಹುದು. ಹೋದ ಸಲ ನಂದೇ ಒಂದು ಹೋಯ್ತಲ್ಲ."

"ಹೀಗೆ ಹೇಳಿದ್ರೆ ನಾನು ಹೇಗೆ ಒಪ್ಪಲಿ ಮಾವ?"

"ಸುಳ್ಳು ಹೇಳಿ ಹತ್ತಿಸಿಕೊಳ್ಳೋ ಕಂಡಕ್ಟರ್ ಅಲ್ಲಮ್ಮ ನಾನು."

ಸೊಂಟದ ಮೇಲಿದ್ದ ಮಗುವನ್ನು ಕೆಳಗಿಳಿಸಿ ಹೂಂ ಅಂದೆ. ಅವರು ಸವರಿದರು, ಎಲೆ ನಾನು ಕಿತ್ತೆ. ಸಂಜೆಗೆ ಉಳಿದದ್ದು ಮೊಣಕಾಲೆತ್ತರದ ಬೋಳು ಕಡ್ಡಿಗಳು.

ಮರುದಿನದಿಂದ ನನಗೆ ಅದೇ ಕೆಲಸ. ಹಾಲು ಒಲೆಯ ಮೇಲಿಟ್ಟು ಒಮ್ಮೆ, ಬಟ್ಟೆ ಹರವುತ್ತ ಇನ್ನೊಮ್ಮೆ ಹೋಗಿ, ಒಳಗೆ ಹಸಿರಿದೆಯೇ ಎಂದು ಉಗುರಿನಿಂದ ಕೆರೆದು ನೋಡುವುದು.

"ಮಲಗಿದವರನ್ನ ಚಿವುಟಿ, ನಿದ್ದೆ ಬಂತಾ ಅಂತ ಕೇಳ್ತೀಯಲ್ಲೇ" ಎಂದು ಅತ್ತೆ ನಕ್ಕರು. ನನಗೆ ನಗು ಬರಲಿಲ್ಲ. ಕಡ್ಡಿಗಳು ದಿನದಿನಕ್ಕೆ ಕಂದುತ್ತಿದ್ದಂತೆಯೇ ಕಾಣುತ್ತಿದ್ದವು.

ಒಂದು ಬೆಳಗ್ಗೆ, ಗಾಳಿಗೆ ಹಾರಿದ ಮಗುವಿನ ಅಂಗಿ ಹುಡುಕುತ್ತ ನೀರಿನ ತೊಟ್ಟಿಯ ಹಿಂದೆ ಹೋದೆ. ಅಲ್ಲಿ ಬಣ್ಣದ ಹಳೇ ಡಬ್ಬಗಳ ಸಾಲು. ಪ್ರತಿಯೊಂದರಲ್ಲೂ ಮಣ್ಣು, ಮಣ್ಣಿನಲ್ಲಿ ನನ್ನ ಗಿಡದಿಂದ ಸವರಿದ ಒಂದೊಂದು ಕಡ್ಡಿ. ಕೆಲವು ಆಗಲೇ ಕೆಂಪಗೆ ಚಿಗುರಿದ್ದವು.

ಹಿಂದೆ ಬಂದು ನಿಂತ ಮಾವ ತಲೆ ಕೆರೆದುಕೊಂಡರು.

"ನಂಗೂ ಧೈರ್ಯ ಇರ್ಲಿಲ್ಲಮ್ಮ. ಅದಕ್ಕೇ ನೆಟ್ಟೆ."

"ನಂಗೆ ಒಂದು ಮಾತು ಹೇಳಬಾರದಿತ್ತಾ?"

"ಹೇಳಿದ್ರೆ ನೀನು ಇವನ್ನೂ ಕೆರೆದು ನೋಡ್ತಿದ್ದೆ."

ಅಮ್ಮನ ಗಿಡ ಚಿಗುರಿದ್ದು ಇನ್ನೂ ತಡವಾಗಿ. ಅಲ್ಲಿಯವರೆಗೆ ನಾನು ಅದನ್ನು ಅದರ ಪಾಡಿಗೆ ಬಿಟ್ಟಿದ್ದೆ.