ರಸ್ತೆಗೆ ಬೆನ್ನು ಹಚ್ಚದೆ

ಅಪ್ಪ ತೀರಿಕೊಂಡ ಮರುದಿನ ಬೆಳಿಗ್ಗೆ ಪುಣೆ ಹತ್ತಿರದ ತಳೇಗಾಂವದಿಂದ ಅವನ ಹೆಣ ತೆಗೆದುಕೊಂಡು ಊರಿಗೆ ಹೊರಟೆವು. ಊರೆಂದರೆ ಸೊಲ್ಲಾಪುರ ದಾಟಿ ಆಳಂದದ ಹತ್ತಿರ. ಕುಣಿ ತೋಡಿಸಿಟ್ಟಿದ್ದೇವೆ, ಹೊತ್ತು ಮುಳುಗುವುದರೊಳಗೆ ಮಣ್ಣಾಗಬೇಕು ಎಂದು ಅಲ್ಲಿಂದ ಫೋನಿನ ಮೇಲೆ ಫೋನು. ವ್ಯಾನಿನಲ್ಲಿ ಸ್ಟ್ರೆಚರಿನ ಮೇಲೆ ಅಪ್ಪ, ಪಕ್ಕದ ಬೆಂಚಿನಲ್ಲಿ ಅವ್ವ, ಸೋದರಮಾವ, ಒಬ್ಬಳೇ ಮಗಳಾದ ನಾನು. ಡ್ರೈವರ್ ಅಕ್ಕಲಕೋಟದವನು, ಮರಾಠಿ ಬೆರೆಸಿ ಕನ್ನಡ ಆಡುತ್ತಿದ್ದ.

ಆ ವ್ಯಾನು ಮೊದಲು ರೋಗಿಗಳನ್ನು ಒಯ್ಯುತ್ತಿದ್ದ ಆಂಬುಲೆನ್ಸ್. ರೋಗಿಗೆ ಧಕ್ಕೆ ತಾಗದಿರಲೆಂದು ಹಿಂದಿನ ಗಾಲಿಗಳ ಮೇಲೆ ಕಬ್ಬಿಣದ ಪಟ್ಟಿಗಳ ಬದಲು ರಬ್ಬರಿನ ಗಾಳಿಚೀಲ ಕೂಡಿಸಿದ್ದರು. ತಗ್ಗು ಬಂದರೂ ಮೈ ಅಲುಗುತ್ತಿರಲಿಲ್ಲ. ಡಾಂಬರು ಕೆಲಸಕ್ಕೆಂದು ವರ್ಷಗಟ್ಟಲೆ ಟಿಪ್ಪರಿನಲ್ಲಿ ಕುಲುಕಿಸಿಕೊಂಡು ಓಡಾಡಿದ ಮನುಷ್ಯನಿಗೆ ಇಂಥ ಗಾಡಿ ಸಿಕ್ಕಿದ್ದು ಸತ್ತ ಮೇಲೆ. ಅದನ್ನು ನೆನೆದೇ ನನಗೆ ಸಿಟ್ಟು ಬರುತ್ತಿತ್ತು. ಯಾರ ಮೇಲೆ ಸಿಟ್ಟೋ ಗೊತ್ತಿಲ್ಲ.

ದೌಂಡದ ಕಡೆ ತಿರುಗುವ ರಸ್ತೆ ದಾಟಿ ಸ್ವಲ್ಪ ದೂರಕ್ಕೆ ಹಿಂದಿನ ಎಡಗಾಲಿ ಪಂಕ್ಚರ್ ಆಯಿತು. ಡ್ರೈವರ್ ಕಬ್ಬಿನ ಹೊಲದ ಪಕ್ಕ ಗಾಡಿ ನಿಲ್ಲಿಸಿ, ಕೆಳಗೆ ಬಗ್ಗಿ ನೋಡಿ ಬಂದ.

“ಎಲ್ಲಾರೂ ಇಳೀರಿ. ಬಾಡಿನೂ ಇಳಸಬೇಕಾಗ್ತದ,” ಅಂದ.

ಅವ್ವ ಅಪ್ಪನ ಕಾಲಿನ ಮೇಲಿಟ್ಟ ಕೈ ತೆಗೆಯಲಿಲ್ಲ. “ಅವರನ್ಯಾಕ ಇಳಸಬೇಕ್ರಿ?”

“ಇದು ಗಾಳಿ ಗಾಡಿ ಅದ ಮಾವಶಿ. ಜಾಕ್ ಹಚ್ಚಿ ಎತ್ತಿದ್ರ, ಎತ್ತರ ಭಾಳ ಆತಂತ ತಿಳಕೊಂಡು ಚೀಲದಾಗಿನ ಗಾಳಿ ತಾನಾ ಬಿಡ್ತದ. ಬಿಡಬಾರ್ದಂತ ಒಂದು ಸ್ವಿಚ್ ಇರ್ತದ, ಅದು ಹಾಕ್ತೀನಿ. ಆದ್ರ ಹಳೇ ಗಾಡಿ, ಸ್ವಿಚ್ಚಿನ ಭರೋಸಾ ಇಲ್ಲ. ಒಳಗ ತೂಕ ಇರಬಾರ್ದು. ಜಾಕ್ ಜಾರಿದ್ರ ನನ್ನ ಮೈಮ್ಯಾಲ ಬರ್ತದ. ಒಬ್ಬರನ್ನ ಒಯ್ಯಾಕತ್ತೀನಿ, ಇಬ್ಬರಾಗೋದು ಬ್ಯಾಡ.”

ಅವನ ಮಾತಿನಲ್ಲಿ ತಪ್ಪಿರಲಿಲ್ಲ. ಪುಣೆಯಿಂದ ಇನ್ನೊಂದು ಗಾಡಿ ತರಿಸಿದರೆ ಊರು ಮುಟ್ಟುವಷ್ಟರಲ್ಲಿ ಕತ್ತಲೆ. ಸ್ಟ್ರೆಚರಿಗೆ ಕಾಲಿರಲಿಲ್ಲ, ಇಳಿಸಿದರೆ ನೆಲಕ್ಕೇ ಇಡಬೇಕು. ಅವ್ವ ಜಗ್ಗಲಿಲ್ಲ.

“ರಸ್ತಿಗೆ ಬೆನ್ನು ಹಚ್ಚೂದಿಲ್ಲ ಅಂದಿದ್ರು. ಸತ್ತಾರಂತ ಹಚ್ಚಬೇಕೇನು?”

ಮದುವೆಯಾದ ಹೊಸದರಲ್ಲಿ ಅವರಿಬ್ಬರೂ ಡಾಂಬರು ಕೆಲಸಕ್ಕೆ ಪುಣೆ ಕಡೆ ಬಂದವರು. ಕೆಲಸ ಎಲ್ಲಿಯೋ ಅಲ್ಲೇ ರಸ್ತೆಯ ಪಕ್ಕ ತಾಡಪತ್ರಿ ಕಟ್ಟಿ ಸಂಸಾರ. ನಾನು ಹುಟ್ಟಿದ್ದೂ ಅಂಥದೇ ಒಂದು ತಾಡಪತ್ರಿಯ ಕೆಳಗೆ. ಲಾರಿ ಹಾದರೆ ನೆಲ ನಡುಗಿ ನಾನು ಬೆಚ್ಚಿ ಬೀಳುತ್ತಿದ್ದೆನಂತೆ, ಅಪ್ಪ ನನ್ನನ್ನು ಎದೆಯ ಮೇಲೆ ಮಲಗಿಸಿಕೊಳ್ಳುತ್ತಿದ್ದನಂತೆ. ಮುಂದೆ ತಳೇಗಾಂವದ ಕಾರ್ಖಾನೆಯೊಂದರಲ್ಲಿ ವಾಚ್‌ಮನ್ ಕೆಲಸ ಸಿಕ್ಕಿತು. ಎರಡು ಖೋಲಿಯ ಬಾಡಿಗೆ ಮನೆ ಹಿಡಿದ ದಿನ ಅಪ್ಪ ಫರಸಿ ನೆಲದ ಮೇಲೆ ಅಂಗಾತ ಬಿದ್ದುಕೊಂಡು, ಇನ್ನು ರಸ್ತೆಯ ಮೇಲೆ ಮಲಗುವುದಿಲ್ಲವೆಂಬ ಆ ಮಾತು ಅಂದಿದ್ದ. ಅವ್ವ ಅದನ್ನು ಗಂಟು ಹಾಕಿಟ್ಟುಕೊಂಡಿದ್ದಳು.

ನನಗೆ ತಾಳ್ಮೆ ಕಡಿಮೆ. “ಅವ್ವಾ, ಹಟ ಮಾಡಬ್ಯಾಡ. ಅಪ್ಪಗ ಈಗ ಏನು ತಿಳೀತದ?” ಅಂದೆ.

“ನನಗ ತಿಳೀತದಲ್ಲ,” ಅಂದಳು.

ಮಾವ ಮುಖ ಆಚೆ ತಿರುಗಿಸಿ ಕಣ್ಣೊರೆಸಿಕೊಂಡ. ಡ್ರೈವರ್ ಜಾಕ್ ಹಿಡಿದುಕೊಂಡು ಕಾಯುತ್ತಿದ್ದ, ಪಾಪ. ಕೊನೆಗೆ ಅವ್ವನೇ ಕೆಳಗಿಳಿದಳು. ರಸ್ತೆಯಂಚಿನ ಜಲ್ಲಿಯ ಮೇಲೆ ಕಾಲು ಚಾಚಿ ಕೂತು ಸೆರಗು ಸರಿಪಡಿಸಿಕೊಂಡಳು.

“ನನ್ನ ತೊಡಿ ಮ್ಯಾಲ ಇಡ್ರಿ. ನೆಲಕ್ಕ ಬ್ಯಾಡ.”

ನಾನು ಅವಳ ಪಕ್ಕಕ್ಕೆ ಕೂತೆ. ಮಾವ, ಡ್ರೈವರ್ ಇಬ್ಬರೂ ಸ್ಟ್ರೆಚರಿನಿಂದ ಅಪ್ಪನನ್ನು ಎತ್ತಿ ತಂದು ಮೆಲ್ಲಗೆ ಇಳಿಸಿದರು. ತಲೆ, ಭುಜ ಅವ್ವನ ತೊಡೆಯ ಮೇಲೆ, ಸೊಂಟ ನನ್ನ ಮೇಲೆ. ಕಾಲುಗಳ ಕೆಳಗೆ ಮಾವ ತೂರಿ ಕೂತ. ರಾತ್ರಿಯೆಲ್ಲ ಐಸಿನಲ್ಲಿಟ್ಟಿದ್ದ ಮೈ, ಆ ತಂಪು ನನ್ನ ತೊಡೆಗೆ ಇಳಿಯಿತು. ಅಪ್ಪ ಇಷ್ಟು ಭಾರವೆಂದು ನನಗೆ ಗೊತ್ತೇ ಇರಲಿಲ್ಲ.

ಡ್ರೈವರ್ ಇಂಜಿನ್ ಚಾಲೂ ಮಾಡಿ ಚೀಲಕ್ಕೆ ಗಾಳಿ ತುಂಬಿಸಿದ. ಗಾಡಿ ಎದ್ದ ಮೇಲೆ ಸ್ವಿಚ್ ಹಾಕಿ, ಇಂಜಿನ್ ನಿಲ್ಲಿಸಿ, ಹಲಗೆಯೊಂದರ ಮೇಲೆ ಜಾಕ್ ಇಟ್ಟು ತಿರುಗಿಸತೊಡಗಿದ. ನಟ್ಟುಗಳು ತುಕ್ಕು ಹಿಡಿದು ಬಿಗಿದುಕೊಂಡಿದ್ದವು. ಕಬ್ಬಿನ ಟ್ರ್ಯಾಕ್ಟರುಗಳು ಹಾಡು ಹಚ್ಚಿಕೊಂಡು ಬಂದು, ನಮ್ಮನ್ನು ನೋಡಿ ಹಾಡು ನಿಲ್ಲಿಸಿ ಹಾದು ಹೋದವು. ಪ್ರತಿ ಸಲ ನೆಲ ನಡುಗುತ್ತಿತ್ತು. ಪ್ರತಿ ಸಲ ಅವ್ವ ಅಪ್ಪನ ಎದೆಯ ಮೇಲೆ ಅಂಗೈ ಒತ್ತಿ ಹಿಡಿಯುತ್ತಿದ್ದಳು. ಧೂಳು ಬೀಳದಂತೆ ಮುಖಕ್ಕೆ ಸೆರಗು ಹಿಡಿದು, ನೊಣ ಓಡಿಸುತ್ತ, ಬಾಯಲ್ಲಿ ಏನೋ ಅಂದುಕೊಳ್ಳುತ್ತಿದ್ದಳು. ನನ್ನ ಕಾಲು ಜೋಮು ಹಿಡಿದಿತ್ತು. ಆಗಲೇ ನನಗೆ ಮೊದಲ ಸಲ ಅಳು ಬಂತು, ಕಣ್ಣೊರೆಸಿಕೊಳ್ಳಲು ಕೈಗೆ ಬಿಡುವಿರಲಿಲ್ಲ.

ಗಾಲಿ ಬದಲಾಯಿತು. ಡ್ರೈವರ್ ಜಾಕ್ ತೆಗೆದು, ಸ್ವಿಚ್ ಆರಿಸಿ, ಇಂಜಿನ್ ಹಚ್ಚಿದ. ಗಾಡಿ ಮೆಲ್ಲಗೆ ಎದ್ದು ಸಮವಾಗಿ ನಿಂತಿತು.

“ಆತ್ರಿ. ಬರ್ರಿ, ಎತ್ತೋಣು,” ಎಂದು ಹಿಂದಿನ ಬಾಗಿಲು ತೆಗೆದ.

ಮಾವ ಕಾಲು ಬಿಡಿಸಿಕೊಂಡು ಎದ್ದು ಅಪ್ಪನ ಪಾದ ಹಿಡಿದುಕೊಂಡ. ನಾನು ಸೊಂಟದ ಕೆಳಗೆ ಕೈ ಸೇರಿಸಿದೆ. ಅವ್ವ ಮಾತ್ರ ತಲೆ ಬಿಡಲಿಲ್ಲ.

“ಅವ್ವಾ, ಹೊತ್ತಾಗ್ತದ.”

“ಇನ್ನೊಂದೀಟು ಇರ್ಲಿ ಯವ್ವಾ,” ಅಂದಳು. “ಒಳಗಿಟ್ರ, ಇನ್ನ ಮಣ್ಣಿಗೇ ಇಳಸ್ತೀರಿ.”

ನಾನು ಕೈ ಹಿಂದಕ್ಕೆ ತೆಗೆದೆ. ಮಾವ ಮತ್ತೆ ಕೂತ. ಡ್ರೈವರ್ ಹೋಗಿ ಇಂಜಿನ್ ಬಂದ್ ಮಾಡಿದ.